ಮೊಣಕಾಲು ರೆಡಿ, ಮನಸ್ಸು ಇನ್ನೂ ಇಲ್ಲ: ಎಸಿಎಲ್ ಸರ್ಜರಿ ಆದ ಮೇಲೆ ಆಟಕ್ಕೆ ಮರಳಿದವರು ಹೇಳಿ

ಎಡ_ವಿಂಗರ್:
ಎಸಿಎಲ್ (ಮೊಣಕಾಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್) ಸರ್ಜರಿ ಆಗಿ ಒಂಬತ್ತು ತಿಂಗಳು ದಾಟಿದೆ. ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್, ಅಂದರೆ ಹರಿದ ಲಿಗಮೆಂಟ್ ಜಾಗಕ್ಕೆ ತೊಡೆಯ ಹಿಂಭಾಗದ ಟೆಂಡನ್ ಕೂರಿಸಿದ್ದಾರೆ. ಫಿಸಿಯೊ ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಹಾಪ್ ಟೆಸ್ಟ್‌ಗಳಲ್ಲಿ (ಒಂದೇ ಕಾಲಲ್ಲಿ ಜಿಗಿಯುವ ಪರೀಕ್ಷೆ) ಆಪರೇಷನ್ ಆದ ಕಾಲು ಇನ್ನೊಂದು ಕಾಲಿನ ಶೇ 90ಕ್ಕಿಂತ ಮೇಲಿದೆ. ನೋವಿಲ್ಲ, ಊತ ಇಲ್ಲ. ಡಾಕ್ಟರ್ 'ಇನ್ನು ಆಡಬಹುದು' ಅಂದಿದ್ದಾರೆ.

ಒಬ್ಬನೇ ಡ್ರಿಲ್ ಮಾಡುವಾಗ ಎಲ್ಲ ಸರಿ ಇರುತ್ತದೆ. ಕೋನ್‌ಗಳ ಮಧ್ಯೆ ಓಡುತ್ತೇನೆ, ತಿರುಗುತ್ತೇನೆ, ಜಿಗಿಯುತ್ತೇನೆ. ಫುಟ್ಬಾಲ್ ಪ್ರಾಕ್ಟೀಸ್ ಮ್ಯಾಚ್‌ನಲ್ಲಿ ಡಿಫೆಂಡರ್ ಬದಿಯಿಂದ ಬಂದರೆ ಸಾಕು, ಕಾಲು ನಿಂತುಬಿಡುತ್ತದೆ. ಮೊದಲೆಲ್ಲ ನಾನು ಎಡಗಾಲು ಊರಿ ಒಳಗೆ ಕಟ್ ಮಾಡುತ್ತಿದ್ದೆ, ಅಂದರೆ ಥಟ್ಟನೆ ಒಳಕ್ಕೆ ತಿರುಗಿ ನುಗ್ಗುತ್ತಿದ್ದೆ. ಅದೇ ನನ್ನ ಆಟ. ಈಗ ಅದೇ ಜಾಗಕ್ಕೆ ಬಂದಾಗ ಚೆಂಡನ್ನು ಹಿಂದಕ್ಕೆ ಪಾಸ್ ಮಾಡುತ್ತೇನೆ. ಬೇಕು ಅಂತ ಮಾಡುವುದಲ್ಲ. ಪಾಸ್ ಹೋದ ಮೇಲೆ ನನಗೆ ಗೊತ್ತಾಗುವುದು.

ಟೀಮಿನವರು 'ಎಲ್ಲ ತಲೆಯಲ್ಲಿ ಇರೋದು, ಮರೆತುಬಿಡು' ಅನ್ನುತ್ತಾರೆ. ತಲೆಯಲ್ಲೇ ಇದೆ, ಒಪ್ಪುತ್ತೇನೆ. ಅದನ್ನು ತೆಗೆಯುವುದು ಹೇಗೆ? ಇದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಶಟಲ್_ಸುಮ:
ಒಬ್ಬರೇ ಅಲ್ಲ ನೀವು. ನನಗೂ ಥೇಟ್ ಇದೇ.

ನೇರಮಾತು:
ಆಡುತ್ತಾ ಹೋದರೆ ಹೋಗುತ್ತದೆ. ಹೆದರಿಕೆ ಬಗ್ಗೆ ಜಾಸ್ತಿ ಮಾತಾಡಿದಷ್ಟೂ ಅದು ಬೆಳೆಯುತ್ತದೆ. ಟೆಸ್ಟ್ ಪಾಸಾಗಿದೆ, ಡಾಕ್ಟರ್ ಒಪ್ಪಿದ್ದಾರೆ, ಇನ್ನೇನು ಬೇಕು? ಮ್ಯಾಚ್ ಆಡಿ. ಮೂರ್ನಾಲ್ಕು ಸಲ ಗಟ್ಟಿಯಾಗಿ ಟ್ಯಾಕಲ್ ಮಾಡಿಸಿಕೊಳ್ಳಿ. ಏನೂ ಆಗಲಿಲ್ಲ ಅಂತ ಮೈಗೆ ಗೊತ್ತಾದ ಮೇಲೆ ತಾನಾಗೇ ಬಿಡುತ್ತದೆ.

ಫಿಸಿಯೊ_ಮೇಷ್ಟ್ರು:
@ನೇರಮಾತು, ಅಷ್ಟು ಸುಲಭ ಆಗಿದ್ದರೆ ನಮ್ಮ ಕೆಲಸ ಅರ್ಧ ಕಮ್ಮಿ ಆಗುತ್ತಿತ್ತು.

ವಿಂಗರ್, ಮೊದಲು ಕೆಲವು ಅಂಕಿ ಹೇಳುತ್ತೇನೆ, ಸ್ವಲ್ಪ ಸಮಾಧಾನ ಆಗಬಹುದು. ಎಸಿಎಲ್ ಸರ್ಜರಿ ಆದವರ ಬಗ್ಗೆ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ಕ್ಲೇರ್ ಆರ್ಡರ್ನ್ ಮತ್ತು ಸಂಗಡಿಗರು 2014ರಲ್ಲಿ ಒಂದು ಲೆಕ್ಕ ಕೊಟ್ಟರು. ಯಾವುದಾದರೂ ಒಂದು ಆಟಕ್ಕೆ ಮರಳಿದವರು ಶೇ 81. ಗಾಯಕ್ಕೆ ಮುಂಚೆ ಇದ್ದ ಮಟ್ಟಕ್ಕೆ ಮರಳಿದವರು ಶೇ 65. ಸ್ಪರ್ಧೆಯ ಮಟ್ಟದ ಆಟಕ್ಕೆ ಮರಳಿದವರು ಶೇ 55 ಮಾತ್ರ. ಸರ್ಜರಿ ಆದವರಲ್ಲಿ ಬಹಳ ಜನರ ಮೊಣಕಾಲು ಪರೀಕ್ಷೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಆಟಕ್ಕೆ ಬಾರದವರನ್ನು ಕಾರಣ ಕೇಳಿದರೆ 'ಮತ್ತೆ ಹರಿದುಹೋದರೆ?' ಅನ್ನುವ ಭಯ ಪದೇ ಪದೇ ಬರುತ್ತದೆ.

ಅದಕ್ಕೇ ಈಗ ಎರಡು ಬೇರೆ ಬೇರೆ ಪರೀಕ್ಷೆ ಅಂತ ನೋಡುವುದು. ಕಾಲಿಗೊಂದು, ಮನಸ್ಸಿಗೊಂದು. ಆಸ್ಟ್ರೇಲಿಯಾದಲ್ಲಿ ಕೇಟ್ ವೆಬ್‌ಸ್ಟರ್ ಮತ್ತು ಸಂಗಡಿಗರು 2008ರಲ್ಲಿ ಎಸಿಎಲ್-ಆರ್‌ಎಸ್‌ಐ ಅಂತ ಒಂದು ಪ್ರಶ್ನಾವಳಿ ಮಾಡಿದರು. 12 ಪ್ರಶ್ನೆ, 0ರಿಂದ 100ರವರೆಗೆ ಅಂಕ. ಅಂಕ ಜಾಸ್ತಿ ಇದ್ದಷ್ಟೂ ಮನಸ್ಸು ಹೆಚ್ಚು ಸಿದ್ಧ ಅಂತ ಅರ್ಥ. ಭಾವನೆ, ಆತ್ಮವಿಶ್ವಾಸ, ಅಪಾಯವನ್ನು ನೀವು ಹೇಗೆ ಅಳೆಯುತ್ತೀರಿ ಅನ್ನುವುದು, ಈ ಮೂರರ ಸುತ್ತ ಪ್ರಶ್ನೆಗಳು. ನಿಮ್ಮ ಫಿಸಿಯೊ ಅದನ್ನು ಕೊಟ್ಟಿದ್ದಾರಾ?

ಎಡ_ವಿಂಗರ್:
ಇಲ್ಲ ಮೇಷ್ಟ್ರೇ. ಹಾಪ್ ಟೆಸ್ಟ್, ಸ್ಟ್ರೆಂಗ್ತ್ ಟೆಸ್ಟ್ ಅಷ್ಟೇ ಆಗಿದ್ದು. ಮನಸ್ಸಿನ ಬಗ್ಗೆ ಯಾರೂ ಒಂದು ಮಾತೂ ಕೇಳಲಿಲ್ಲ.

ಶಟಲ್_ಸುಮ:
ನನ್ನನ್ನೂ ಯಾರೂ ಕೇಳಲಿಲ್ಲ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು ಬ್ಯಾಡ್ಮಿಂಟನ್ ಆಡುವವಳು. ಹಿಂದೆ ಜಿಗಿದು ಸ್ಮ್ಯಾಶ್ ಹೊಡೆದು ಒಂದೇ ಕಾಲಲ್ಲಿ ಇಳಿಯುವಾಗ ಹರಿಯಿತು. ಮರಳಿ ಬಂದ ಮೇಲೆ ಫೋರ್‌ಹ್ಯಾಂಡ್ ಕಡೆ ಏನೂ ತೊಂದರೆ ಇಲ್ಲ. ಬ್ಯಾಕ್‌ಹ್ಯಾಂಡ್ ಮೂಲೆಗೆ ಶಟಲ್ ಎತ್ತಿದರೆ ಮಾತ್ರ ನಾನು ಜಿಗಿಯುವುದೇ ಇಲ್ಲ. ನಿಂತಲ್ಲೇ ಕೈ ಚಾಚಿ ಹೇಗೋ ದಾಟಿಸುತ್ತೇನೆ. ಎದುರಾಳಿಗಳಿಗೆ ಎರಡು ಗೇಮ್‌ನಲ್ಲೇ ಗೊತ್ತಾಗುತ್ತದೆ. ಆಮೇಲೆ ಎಲ್ಲಾ ಶಟಲ್ ಅದೇ ಮೂಲೆಗೆ.

ನೋಡುವವರಿಗೆ ಇದು ಸೋಮಾರಿತನದ ಹಾಗೆ ಕಾಣುತ್ತದೆ. 'ಮೊದಲಿನ ಹಾಗೆ ಓಡಲ್ಲ ಈಗ' ಅನ್ನುತ್ತಾರೆ. ನಿಜ ಹೇಳಬೇಕಂದರೆ ಒಂದು ಗಂಟೆ ಆಡಿದರೆ ಮೈಗಿಂತ ತಲೆ ದಣಿದಿರುತ್ತದೆ. ಪ್ರತಿ ಹೆಜ್ಜೆಗೂ ಕಾಲು ಎಲ್ಲಿಡುತ್ತಿದ್ದೇನೆ ಅಂತ ಗಮನ ಕೊಡುತ್ತಿರುತ್ತೇನಲ್ಲ.

ರೈಡರ್_ಬಲಗಡೆ:
ಇದು ಕಬಡ್ಡಿಯಲ್ಲಿ ಇನ್ನೂ ಜಾಸ್ತಿ. ನಮ್ಮ ಆಟದಲ್ಲಿ ಎದುರಾಳಿಯ ಕೆಲಸವೇ ಕಾಲು ಹಿಡಿಯುವುದು. ಆಂಕಲ್ ಹೋಲ್ಡ್ ಬಿದ್ದಾಗ ಮೈ ಒಂದು ಕಡೆ, ಪಾದ ಇನ್ನೊಂದು ಕಡೆ. ಅದೇ ತಿರುವಲ್ಲಿ ನನ್ನ ಎಸಿಎಲ್ ಹೋಯಿತು. ಸರ್ಜರಿ ಆದ ಮೇಲೆ ಬೋನಸ್ ಗೆರೆ ದಾಟಲು ಕಾಲೇ ಮುಂದೆ ಹೋಗುತ್ತಿರಲಿಲ್ಲ.

ಸೈಕಾಲಜಿ_ಓದುವವನು:
ಇದಕ್ಕೆ ಕೈನೀಸಿಯೊಫೋಬಿಯಾ ಅನ್ನುತ್ತಾರೆ. ಚಲನೆಯಿಂದ ಮತ್ತೆ ಗಾಯ ಆಗುತ್ತದೆ ಅನ್ನುವ ಭಯ. ಅಳೆಯಲು ಟ್ಯಾಂಪಾ ಸ್ಕೇಲ್ ಅನ್ನುವ ಪ್ರಶ್ನಾವಳಿ ಇದೆ. ಒಮ್ಮೆ ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಹಾವು. ಮಿದುಳಿನ ಮಟ್ಟಿಗೆ ಅದು ಸರಿಯಾದ ಪಾಠವೇ. ಎಡಗಾಲು ಊರಿ ತಿರುಗಿದೆ, ಆಮೇಲೆ ತಿಂಗಳುಗಟ್ಟಲೆ ಕಷ್ಟ ಪಟ್ಟೆ. ಅದನ್ನು 'ಮರೆತುಬಿಡು' ಅಂದರೆ ಮಿದುಳು ಮರೆಯುವುದಿಲ್ಲ. ಅದೇ ಕೆಲಸ ಮಾಡಿದರೂ ಏನೂ ಆಗಲಿಲ್ಲ ಅನ್ನುವ ಹೊಸ ಅನುಭವಗಳು ಹಳೆಯದರ ಮೇಲೆ ಕೂರಬೇಕು.

ಇನ್ನೊಂದು ವಿಷಯ. ಲಿಗಮೆಂಟ್ ಬರೀ ಹಗ್ಗ ಅಲ್ಲ. ಅದರೊಳಗೆ ನರಗಳ ತುದಿಗಳಿರುತ್ತವೆ. ಮೊಣಕಾಲು ಯಾವ ಕೋನದಲ್ಲಿದೆ, ಎಷ್ಟು ಒತ್ತಡ ಇದೆ ಅಂತ ಮಿದುಳಿಗೆ ಸುದ್ದಿ ಕಳಿಸುವುದು ಅವು. ಎಸಿಎಲ್ ಹರಿದಾಗ ಆ ಸುದ್ದಿಯೂ ಕಡಿಮೆ ಆಗುತ್ತದೆ. ಆ ಕೊರತೆ ತುಂಬಲು ಮಿದುಳು ಕಣ್ಣಿನ ಮೇಲೆ ಜಾಸ್ತಿ ಅವಲಂಬಿಸುತ್ತದೆ ಅಂತ ಮಿದುಳಿನ ಸ್ಕ್ಯಾನ್ ಮಾಡಿದ ಅಧ್ಯಯನಗಳು ತೋರಿಸಿವೆ. ಕೋನ್ ಡ್ರಿಲ್‌ನಲ್ಲಿ ಕಣ್ಣು ಬಿಡುವಾಗಿರುತ್ತದೆ, ಕಾಲಿನ ಕಡೆ ಕೊಡಬಹುದು. ಮ್ಯಾಚ್‌ನಲ್ಲಿ ಕಣ್ಣಿಗೆ ಚೆಂಡು, ಡಿಫೆಂಡರ್, ಜೊತೆ ಆಟಗಾರ ಎಲ್ಲ ಬೇಕು. ವಿಂಗರ್ ಹೇಳಿದ ವ್ಯತ್ಯಾಸಕ್ಕೆ ಇದೂ ಒಂದು ಕಾರಣ ಇರಬಹುದು. ಅಂದರೆ ಪೂರ್ತಿ 'ತಲೆಯಲ್ಲಿ' ಅನ್ನುವುದೂ ಸರಿಯಲ್ಲ, ಪೂರ್ತಿ 'ಕಾಲಲ್ಲಿ' ಅನ್ನುವುದೂ ಸರಿಯಲ್ಲ.

ಎಡ_ವಿಂಗರ್:
ಇದನ್ನು ಯಾರೂ ಹೇಳಿರಲಿಲ್ಲ. ಮ್ಯಾಚ್‌ನಲ್ಲಿ ನಾನು ನಿಜವಾಗಿಯೂ ಕೆಳಗೆ ನೋಡುತ್ತೇನೆ. ಕೋಚ್ 'ತಲೆ ಎತ್ತು' ಅಂತ ಕೂಗುತ್ತಲೇ ಇರುತ್ತಾರೆ.

ನೇರಮಾತು:
ಸರಿ, ವಿಜ್ಞಾನ ಇರಲಿ. ವಿನೇಶ್ ಫೋಗಟ್ ನೋಡಿ. 2016ರ ರಿಯೊದಲ್ಲಿ ಮೊಣಕಾಲು ಹೋಗಿ ಸ್ಟ್ರೆಚರ್ ಮೇಲೆ ಹೊರಗೆ ಬಂದರು. 2018ರಲ್ಲಿ ಕಾಮನ್‌ವೆಲ್ತ್ ಚಿನ್ನ, ಏಷ್ಯನ್ ಗೇಮ್ಸ್ ಚಿನ್ನ. 2023ರ ಆಗಸ್ಟ್‌ನಲ್ಲಿ ಮತ್ತೆ ಮೊಣಕಾಲಿನ ಸರ್ಜರಿ. ಒಂದು ವರ್ಷದೊಳಗೆ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಪಾನ್‌ನ ಕುಸ್ತಿ ಚಾಂಪಿಯನ್ ಯುಯಿ ಸುಸಾಕಿಯನ್ನು ಸೋಲಿಸಿದರು. ರಿಷಭ್ ಪಂತ್ ನೋಡಿ. 2022ರ ಡಿಸೆಂಬರ್‌ನಲ್ಲಿ ಕಾರ್ ಅಪಘಾತ, ಮೊಣಕಾಲಿನ ಲಿಗಮೆಂಟ್‌ಗಳು ಹರಿದವು. 2024ರ ಐಪಿಎಲ್‌ನಲ್ಲಿ ಕೀಪಿಂಗ್ ಮಾಡುತ್ತಿದ್ದರು. ಇವರೆಲ್ಲ ಪ್ರಶ್ನಾವಳಿ ತುಂಬಿಕೊಂಡು ಕೂತಿದ್ದರಾ? ಛಲ ಇತ್ತು, ಬಂದರು.

ಓಟಗಾರ್ತಿ_ಈಗ:
ಮರಳಿ ಬಂದವರ ಹೆಸರು ಮಾತ್ರ ನಮಗೆ ಗೊತ್ತಿರುವುದು. ಬಾರದವರ ಹೆಸರು ಯಾರ ಬಾಯಲ್ಲೂ ಇಲ್ಲ. ಅವರಿಗೆ ಛಲ ಇರಲಿಲ್ಲ ಅಂತ ಹೇಗೆ ಹೇಳುತ್ತೀರಿ?

ಶಟಲ್_ಸುಮ:
ಸ್ಪೇನ್‌ನ ಬ್ಯಾಡ್ಮಿಂಟನ್ ಆಟಗಾರ್ತಿ ಕರೋಲಿನಾ ಮರಿನ್ ನೋಡಿ. ಛಲ ಅಂದರೆ ಅವರು. 2019ರ ಜನವರಿಯಲ್ಲಿ ಇಂಡೊನೇಷ್ಯಾ ಮಾಸ್ಟರ್ಸ್ ಫೈನಲ್‌ನಲ್ಲಿ ಬಲಗಾಲಿನ ಎಸಿಎಲ್ ಹೋಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಚೀನಾ ಓಪನ್ ಗೆದ್ದರು. 2021ರಲ್ಲಿ ಎಡಗಾಲು. ಅದರಿಂದಲೂ ಬಂದರು. 2024ರಲ್ಲಿ ಪ್ಯಾರಿಸ್ ಸೆಮಿಫೈನಲ್‌ನಲ್ಲಿ ಚೀನಾದ ಹೆ ಬಿಂಗ್‌ಜಾವೊ ವಿರುದ್ಧ ಮುಂದಿದ್ದಾಗ ಮತ್ತೆ ಬಲಗಾಲು. ಆ ದಿನ ನಾನು ಟಿವಿ ಆರಿಸಿಬಿಟ್ಟೆ, ನೋಡಲು ಆಗಲಿಲ್ಲ. ಆಮೇಲೆ ಹೆ ಬಿಂಗ್‌ಜಾವೊ ಪದಕ ತೆಗೆದುಕೊಳ್ಳುವಾಗ ಸ್ಪೇನ್‌ನ ಪಿನ್ ಕೈಯಲ್ಲಿ ಹಿಡಿದು ನಿಂತಿದ್ದರಲ್ಲ, ಅದನ್ನು ನೋಡಿ ಅತ್ತೆ.

ಮೂರು ಸಲ ಆದವರಿಗೆ ಛಲ ಕಮ್ಮಿ ಇತ್ತಾ? ಮೊಣಕಾಲಿಗೂ ಛಲಕ್ಕೂ ನೇರ ಸಂಬಂಧ ಇಲ್ಲ.

ನೇರಮಾತು:
ಮರಿನ್ ಬಗ್ಗೆ ನನಗೂ ಅಷ್ಟೇ ಗೌರವ ಇದೆ. ನಾನು ಹೇಳಿದ್ದು ಹೆದರಿಕೊಂಡು ಆಡಿದರೇ ಗಾಯ ಆಗುವುದು ಅಂತ. ಅರ್ಧ ಮನಸ್ಸಿನಿಂದ ಟ್ಯಾಕಲ್‌ಗೆ ಹೋದರೆ ಖಂಡಿತ ಏಟು ಬೀಳುತ್ತದೆ. ಆಡಿದವರಿಗೆ ಗೊತ್ತು.

ಸೈಕಾಲಜಿ_ಓದುವವನು:
ಇದರಲ್ಲಿ ನೀವು ಹೇಳಿದ್ದಕ್ಕೆ ಆಧಾರ ಇದೆ. 2018ರಲ್ಲಿ ಪ್ಯಾಟರ್ನೊ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಆಟಕ್ಕೆ ಮರಳುವಾಗ ಭಯ ಜಾಸ್ತಿ ಇದ್ದವರಿಗೆ ಮುಂದಿನ ಎರಡು ವರ್ಷದಲ್ಲಿ ಎರಡನೇ ಸಲ ಎಸಿಎಲ್ ಹರಿಯುವ ಸಾಧ್ಯತೆ 13 ಪಟ್ಟು ಜಾಸ್ತಿ ಕಂಡಿತು. ಚಿಕ್ಕ ಗುಂಪು, 40 ಜನ. ಹಾಗಾಗಿ ಆ 13ಕ್ಕೆ ಜಾಸ್ತಿ ಅಂಟಿಕೊಳ್ಳಬೇಡಿ. ಆದರೆ ಹೆದರಿದವರು ಮೊಣಕಾಲು ಬಗ್ಗಿಸದೆ ಬಿಗಿಯಾಗಿ ಇಳಿಯುತ್ತಾರೆ. ಹಾಗೆ ಇಳಿದರೆ ಗ್ರಾಫ್ಟ್ ಮೇಲೆ ಹೊರೆ ಜಾಸ್ತಿ.

ಫಿಸಿಯೊ_ಮೇಷ್ಟ್ರು:
ಪೂರ್ತಿ ಚಿತ್ರ ಹೇಳಬೇಕಾದರೆ ಇನ್ನೊಂದು ಕಡೆಯೂ ಇದೆ. ಸ್ವೀಡನ್‌ನಿಂದ 2022ರಲ್ಲಿ ಬಂದ ಅಧ್ಯಯನ ಉಲ್ಟಾ ಹೇಳಿತು. ಮಾನಸಿಕ ಸಿದ್ಧತೆಯ ಅಂಕ ಜಾಸ್ತಿ ಇದ್ದವರಲ್ಲೇ ಗ್ರಾಫ್ಟ್ ಮತ್ತೆ ಹರಿಯುವ ಅಪಾಯ ಹೆಚ್ಚು ಕಂಡಿತು. ಯಾಕೆ ಅಂದರೆ, ನನ್ನ ಅಂದಾಜು ಇಷ್ಟು: ಧೈರ್ಯ ಇರುವವರು ಬೇಗ ಮರಳುತ್ತಾರೆ, ಜೋರಾಗಿ ಆಡುತ್ತಾರೆ, ಜಾಸ್ತಿ ಹೊತ್ತು ಆಡುತ್ತಾರೆ.

ಆದ್ದರಿಂದ 'ಹೆದರಬೇಡಿ' ಅನ್ನುವುದು ಸಲಹೆ ಅಲ್ಲ. ಕಾಲಿಗೆ ಎಷ್ಟು ಶಕ್ತಿ ಇದೆಯೋ ಧೈರ್ಯವೂ ಅಷ್ಟೇ ಇರಬೇಕು. ಧೈರ್ಯ ಹಿಂದೆ ಬಿದ್ದರೂ ಕಷ್ಟ, ಮುಂದೆ ಓಡಿದರೂ ಕಷ್ಟ.

ಗೋಲಿಯ_ಅಮ್ಮ:
ಈ ಮಾತಿಗೇ ನಾನು ಇಲ್ಲಿ ಬರೆಯುತ್ತಿರುವುದು. ನಮ್ಮ ಮನೆಯಲ್ಲಿ ಪೂರ್ತಿ ಉಲ್ಟಾ. ಮಗಳಿಗೆ 17. ಹ್ಯಾಂಡ್‌ಬಾಲ್ ಗೋಲ್‌ಕೀಪರ್. ಸರ್ಜರಿ ಆಗಿ ಆರು ತಿಂಗಳು. ಅವಳಿಗೆ ಭಯ ಅನ್ನುವುದೇ ಇಲ್ಲ. 'ನೋವಿಲ್ಲ ಅಮ್ಮ, ಟೂರ್ನಮೆಂಟ್ ಇದೆ, ಆಡ್ತೀನಿ' ಅನ್ನುತ್ತಾಳೆ. ಅವಳು ಮೆಟ್ಟಿಲು ಹಾರಿ ಇಳಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ನಾನು ಬೇಡ ಅಂದರೆ 'ನಿನ್ನ ಭಯ ನನಗೆ ಅಂಟಿಸಬೇಡ' ಅಂತಾಳೆ. ಏನು ಮಾಡಲಿ?

ಕೋಚ್_ಹಳಬ:
ಆಡಿಸಬೇಡಿ. ಆರು ತಿಂಗಳು ತುಂಬಾ ಬೇಗ.

ಫಿಸಿಯೊ_ಮೇಷ್ಟ್ರು:
ಕೋಚ್ ಹೇಳಿದ್ದು ಸರಿ. ಇದರಲ್ಲಿ ನಾನು ಬಗ್ಗುವುದೇ ಇಲ್ಲ. 2016ರಲ್ಲಿ ಗ್ರಿಂಡೆಮ್ ಮತ್ತು ಸಂಗಡಿಗರ ಅಧ್ಯಯನ ಬಂತು. ಸರ್ಜರಿ ಆದ ಮೇಲೆ ಒಂಬತ್ತನೇ ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮತ್ತೆ ಗಾಯ ಆಗುವ ಪ್ರಮಾಣ ಶೇ 51ರಷ್ಟು ಇಳಿಯುತ್ತಾ ಹೋಯಿತು. ಇನ್ನೊಂದು ದೊಡ್ಡ ಲೆಕ್ಕದಲ್ಲಿ, 25ಕ್ಕಿಂತ ಕಡಿಮೆ ವಯಸ್ಸಿನವರು ಆಟಕ್ಕೆ ಮರಳಿದಾಗ ಶೇ 23 ಜನರಿಗೆ ಅದೇ ಕಾಲಲ್ಲೋ ಇನ್ನೊಂದು ಕಾಲಲ್ಲೋ ಮತ್ತೆ ಎಸಿಎಲ್ ಹರಿದಿತ್ತು. ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರು.

ನೋವಿಲ್ಲ ಅಂದರೆ ಗ್ರಾಫ್ಟ್ ಗಟ್ಟಿ ಆಗಿದೆ ಅಂತ ಅಲ್ಲ. ಬೇರೆ ಕಡೆಯಿಂದ ತಂದು ಕೂರಿಸಿದ ಟೆಂಡನ್ ಮೊದಲು ದುರ್ಬಲ ಆಗುತ್ತದೆ, ಆಮೇಲೆ ನಿಧಾನಕ್ಕೆ ಲಿಗಮೆಂಟ್‌ನ ಗುಣ ಪಡೆಯುತ್ತದೆ. ಅದಕ್ಕೆ ಒಂದು ವರ್ಷಕ್ಕಿಂತ ಜಾಸ್ತಿಯೂ ಹಿಡಿಯಬಹುದು. ಒಳಗೆ ಇದು ನಡೆಯುವಾಗ ಹೊರಗೆ ಏನೂ ಗೊತ್ತಾಗುವುದಿಲ್ಲ.

ಅಮ್ಮಾ, ಮಗಳ ಹತ್ತಿರ ಭಯದ ಮಾತು ಆಡಬೇಡಿ. ಅವಳ ಫಿಸಿಯೊ ಹತ್ತಿರ ಕೂರಿಸಿ. ಕ್ವಾಡ್ಸ್ (ತೊಡೆಯ ಮುಂಭಾಗದ ಸ್ನಾಯು) ಶಕ್ತಿ ಎರಡೂ ಕಾಲಲ್ಲಿ ಅಳೆಸಿ. ಸಂಖ್ಯೆ ಅವಳ ಕಣ್ಣಿಗೆ ಬೀಳಲಿ. ಈ ವಯಸ್ಸಿನವರು ಅಮ್ಮನ ಮಾತಿಗಿಂತ ತಮ್ಮದೇ ಟೆಸ್ಟ್ ರಿಸಲ್ಟ್ ಬೇಗ ಒಪ್ಪುತ್ತಾರೆ.

ಗೋಲಿಯ_ಅಮ್ಮ:
ಧನ್ಯವಾದ. ಶೇ 23 ಅಂತ ಓದಿ ಕೈ ನಡುಗಿತು. ಆದರೂ ಗೊತ್ತಿರುವುದು ಒಳ್ಳೆಯದು.

ಬಾಸ್ಕೆಟ್_ಬೀದಿ:
ಎನ್‌ಬಿಎ, ಅಂದರೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್, ನೋಡುವವರು ಯಾರಾದರೂ ಇದ್ದೀರಾ? ಡೆರಿಕ್ ರೋಸ್ ಕಥೆ ಇದಕ್ಕೆ ಸರಿಯಾಗಿ ಹೊಂದುತ್ತದೆ. 2012ರ ಏಪ್ರಿಲ್‌ನಲ್ಲಿ ಎಸಿಎಲ್ ಹೋಯಿತು. ಮುಂದಿನ ಮಾರ್ಚ್‌ಗೆ ಡಾಕ್ಟರ್‌ಗಳು ಆಡಬಹುದು ಅಂದರು. ಅವರು ಆಡಲಿಲ್ಲ, ಇಡೀ ಸೀಸನ್ ಕೂತರು. ಜನ ಎಷ್ಟು ಬೈದರು ಗೊತ್ತಾ! ಅದೇ ಹೊತ್ತಿಗೆ ಫುಟ್ಬಾಲ್‌ನಲ್ಲಿ, ಅಂದರೆ ಅಮೆರಿಕನ್ ಫುಟ್ಬಾಲ್‌ನಲ್ಲಿ, ಏಡ್ರಿಯನ್ ಪೀಟರ್ಸನ್ 2011ರ ಡಿಸೆಂಬರ್‌ನಲ್ಲಿ ಎಸಿಎಲ್ ಹರಿದುಕೊಂಡು ಮುಂದಿನ ಸೀಸನ್‌ನ ಮೊದಲ ಪಂದ್ಯಕ್ಕೇ ಬಂದು ಒಂದು ಸೀಸನ್‌ನಲ್ಲಿ ಚೆಂಡು ಹಿಡಿದು ಓಡಿದ ದೂರದ ದಾಖಲೆ ಮುರಿದರು. ಎಲ್ಲರೂ ರೋಸ್‌ಗೆ ಪೀಟರ್ಸನ್ ತೋರಿಸಿ ಹೀಯಾಳಿಸಿದರು. ರೋಸ್ ಆಮೇಲೆ ಏನೂ ಆಡಲಿಲ್ಲ.

ಅಂಕಿ_ಅಂಶ:
ಎರಡು ತಿದ್ದುಪಡಿ. ಪೀಟರ್ಸನ್ 2012ರಲ್ಲಿ 2,097 ಯಾರ್ಡ್ ಓಡಿದರು. ದಾಖಲೆ ಮುರಿಯಲು 9 ಯಾರ್ಡ್ ಕಮ್ಮಿ ಬಿತ್ತು, ಮುರಿಯಲಿಲ್ಲ. ರೋಸ್ 'ಏನೂ ಆಡಲಿಲ್ಲ' ಅನ್ನುವುದು ಅನ್ಯಾಯ. 2013ರ ನವೆಂಬರ್‌ನಲ್ಲಿ ಇನ್ನೊಂದು ಮೊಣಕಾಲಿನ ಮೆನಿಸ್ಕಸ್ (ಮೂಳೆಗಳ ಮಧ್ಯದ ಮೆತ್ತೆ) ಹೋಯಿತು. ಅಷ್ಟೆಲ್ಲ ಆದ ಮೇಲೂ 2018ರ ಅಕ್ಟೋಬರ್ 31ರಂದು ಒಂದೇ ಪಂದ್ಯದಲ್ಲಿ 50 ಪಾಯಿಂಟ್ ಹೊಡೆದರು.

ಬಾಸ್ಕೆಟ್_ಬೀದಿ:
50 ಪಾಯಿಂಟ್ ಪಂದ್ಯ! ಹೌದು ಹೌದು. ಕೊನೆಗೆ ಕಣ್ಣೀರು ಹಾಕಿದ್ದರು.

ಕೋಚ್_ಹಳಬ:
ರೋಸ್‌ಗೆ ಬಿದ್ದ ಬೈಗುಳ ಚಿಕ್ಕ ಕ್ಲಬ್‌ಗಳಲ್ಲೂ ಬೀಳುತ್ತದೆ, ಅದೇ ನನಗೆ ಬೇಜಾರು. ಗಾಯ ಆದ ಹುಡುಗನಿಗೆ ಮೊದಲ ತಿಂಗಳು ಎಲ್ಲರೂ ಫೋನ್ ಮಾಡುತ್ತಾರೆ. ಮೂರನೇ ತಿಂಗಳಿಗೆ ಯಾರೂ ಇಲ್ಲ. ಅವನ ಜಾಗದಲ್ಲಿ ಇನ್ನೊಬ್ಬ ಆಡುತ್ತಿರುತ್ತಾನೆ. ವಾಟ್ಸಾಪ್ ಗ್ರೂಪ್‌ನಲ್ಲಿ ಮ್ಯಾಚ್ ಫೋಟೊ ಬರುತ್ತಿರುತ್ತದೆ, ಅವನು ಮನೆಯಲ್ಲಿ ಟವೆಲ್ ಸುತ್ತಿ ಮೊಣಕಾಲಿನ ಕೆಳಗಿಟ್ಟು ಒತ್ತುತ್ತಿರುತ್ತಾನೆ. 'ನಾನು ಆಟಗಾರ' ಅನ್ನುವುದೇ ಅವನ ಗುರುತಾಗಿತ್ತು. ಆ ಗುರುತು ಹೋದ ಮೇಲೆ ಮರಳುವಾಗ ಬರೀ ಮೊಣಕಾಲಿನ ಭಯ ಇರುವುದಿಲ್ಲ. ಮೊದಲಿನಷ್ಟು ಚೆನ್ನಾಗಿ ಆಡದಿದ್ದರೆ ನನ್ನನ್ನು ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಅನ್ನುವ ಭಯವೂ ಇರುತ್ತದೆ.

ನಮ್ಮ ತಂಡದಲ್ಲಿ ಗಾಯ ಆದವರು ಪ್ರಾಕ್ಟೀಸ್‌ಗೆ ಬರಲೇಬೇಕು. ಓಡದಿದ್ದರೂ ಪರವಾಗಿಲ್ಲ. ಚೆಂಡು ಕೊಡುವುದು, ಸ್ಕೋರ್ ಬರೆಯುವುದು, ಎದುರಾಳಿಗಳ ವಿಡಿಯೊ ನೋಡಿ ಹೇಳುವುದು, ಏನಾದರೂ ಒಂದು ನಿಜವಾದ ಕೆಲಸ. ಮರಳಿದ ಮೇಲೆ ಕೆಲವು ವಾರ ಬೇರೆ ಬಣ್ಣದ ಬಿಬ್ (ಜೆರ್ಸಿ ಮೇಲೆ ಹಾಕುವ ತೋಳಿಲ್ಲದ ಅಂಗಿ). ಆ ಬಿಬ್ ಹಾಕಿದವನನ್ನು ಯಾರೂ ಮುಟ್ಟುವ ಹಾಗಿಲ್ಲ. ಬಿಬ್ ಯಾವಾಗ ತೆಗೆಯುವುದು ಅಂತ ಅವನೇ ಹೇಳುತ್ತಾನೆ, ನಾನಲ್ಲ.

ಹೊಸ_ಗ್ರಾಫ್ಟ್:
ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನ ಮೊಣಕಾಲು ಬಗ್ಗಿಸುವಾಗ ಟಕ್ ಅನ್ನುತ್ತದೆ. ಅದು ಕೇಳಿದರೇ ಭಯ. ಗ್ರಾಫ್ಟ್ ಹೋಯಿತಾ?

ಫಿಸಿಯೊ_ಮೇಷ್ಟ್ರು:
ನೋವು, ಊತ, ಸಿಕ್ಕಿಹಾಕಿಕೊಳ್ಳುವುದು ಇಲ್ಲದ ಶಬ್ದಕ್ಕೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಮೂರರಲ್ಲಿ ಒಂದಿದ್ದರೂ ತೋರಿಸಿ.

ರೈಡರ್_ಬಲಗಡೆ:
ಬ್ರೇಸ್ ಹಾಕಿಕೊಂಡರೆ ಭಯ ಕಮ್ಮಿ ಆಗುತ್ತದೆ, ವಿಂಗರ್. ನಾನು ಹಾಕಿಕೊಂಡೇ ಶುರು ಮಾಡಿದ್ದು.

ನೇರಮಾತು:
ಬ್ರೇಸ್‌ನಿಂದ ಗ್ರಾಫ್ಟ್ ಉಳಿಯುತ್ತದೆ ಅಂತ ಗಟ್ಟಿ ಆಧಾರ ಇಲ್ಲ. ಒಮ್ಮೆ ಅಭ್ಯಾಸ ಆದರೆ ಬಿಡುವುದೂ ಕಷ್ಟ. ಬ್ರೇಸ್ ಮರೆತು ಬಂದ ದಿನ ಆಡುವುದೇ ಇಲ್ಲ ಅನ್ನುವವರನ್ನು ನೋಡಿದ್ದೇನೆ.

ರೈಡರ್_ಬಲಗಡೆ:
ಧೈರ್ಯಕ್ಕೆ ಸಹಾಯ ಆದರೆ ಅಷ್ಟೇ ಸಾಕಲ್ವಾ? ಕೆಲವು ತಿಂಗಳು ಹಾಕಿದೆ, ಬಿಟ್ಟೆ. ಏನೂ ತೊಂದರೆ ಆಗಲಿಲ್ಲ.

ಓಟಗಾರ್ತಿ_ಈಗ:
ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಾನು ವಾಲಿಬಾಲ್‌ಗೆ ಮರಳಲಿಲ್ಲ. ಮೊಣಕಾಲು ಚೆನ್ನಾಗಿತ್ತು. ಒಂದು ಸೀಸನ್ ಪ್ರಯತ್ನ ಮಾಡಿದೆ. ಪ್ರತಿ ಬ್ಲಾಕ್‌ಗೆ ಜಿಗಿಯುವ ಮೊದಲು ಹೊಟ್ಟೆ ತೊಳಸುತ್ತಿತ್ತು. ಒಂದು ದಿನ ಕೂತು ನನ್ನನ್ನೇ ಕೇಳಿಕೊಂಡೆ: ಭಯ ಇಲ್ಲದಿದ್ದರೆ ನನಗೆ ಈ ಆಟ ಇನ್ನೂ ಬೇಕಾ? ಉತ್ತರ ಬೇಡ ಅಂತ ಬಂತು. ಮನೆ, ಕೆಲಸ, ವಯಸ್ಸು, ಎಲ್ಲ ಬದಲಾಗಿತ್ತು. ಈಗ ಓಡುತ್ತೇನೆ, ಖುಷಿಯಾಗಿದ್ದೇನೆ.

ಮೇಷ್ಟ್ರು ಕೊಟ್ಟ ಲೆಕ್ಕದಲ್ಲಿ ಮರಳದೆ ಉಳಿದವರೆಲ್ಲ ಸೋತವರು ಅಂತ ಓದಬೇಡಿ. ಅದರಲ್ಲಿ ನನ್ನಂಥವರೂ ಇದ್ದಾರೆ. ಭಯಕ್ಕೆ ಬಿಟ್ಟಿದ್ದಾ, ಬೇಡ ಅಂತ ಬಿಟ್ಟಿದ್ದಾ ಅನ್ನುವುದು ಮಾತ್ರ ನಿಮಗೆ ಗೊತ್ತಿರಬೇಕು.

ಎಡ_ವಿಂಗರ್:
ನನಗೆ ಬೇಕು. ಅದರಲ್ಲಿ ಅನುಮಾನವೇ ಇಲ್ಲ.

ಮೇಷ್ಟ್ರು ಹೇಳಿದ 12 ಪ್ರಶ್ನೆ ಹುಡುಕಿ ತುಂಬಿದೆ. ಆಶ್ಚರ್ಯ ಆಯಿತು. ನೋವಿನ ಭಯ ಇರುತ್ತದೆ ಅಂದುಕೊಂಡಿದ್ದೆ, ಅದು ಅಷ್ಟಿಲ್ಲ. ಮೊಣಕಾಲು ಜಾರಿಹೋಗುತ್ತದೆ ಅನ್ನುವ ಭಯವೂ ಮಧ್ಯಮ. ತೀರಾ ಕೆಳಗೆ ಬಿದ್ದದ್ದು ಮತ್ತೆ ಸರ್ಜರಿ, ಮತ್ತೆ ರಿಹ್ಯಾಬ್ ಮಾಡಬೇಕಾಗುತ್ತದೆ ಅನ್ನುವ ಯೋಚನೆ ಆಟಕ್ಕೆ ಅಡ್ಡ ಬರುತ್ತದಾ ಅಂತ ಕೇಳುವ ಪ್ರಶ್ನೆಯಲ್ಲಿ. ಗಾಯ ಆದ ಆ ಕ್ಷಣ ನನಗೆ ಸರಿಯಾಗಿ ನೆನಪೂ ಇಲ್ಲ. ನೆನಪಿರುವುದು ಸರ್ಜರಿ ಆದ ಮೇಲೆ ತೊಡೆಯನ್ನು ಬಿಗಿ ಮಾಡಿ ಅಂತ ಫಿಸಿಯೊ ಹೇಳಿದಾಗ ತೊಡೆ ಸ್ವಲ್ಪವೂ ಅಲುಗದೆ ಇದ್ದದ್ದು. ನಾನು ಎಷ್ಟು ಹಲ್ಲು ಕಚ್ಚಿದರೂ ಸ್ನಾಯು ನನ್ನ ಮಾತು ಕೇಳಲಿಲ್ಲ. ಮತ್ತೆ ಅಲ್ಲಿಗೆ ಹೋಗುವುದು ಬೇಡ ಅನ್ನುವುದೇ ನನ್ನ ಭಯ.

ಸೈಕಾಲಜಿ_ಓದುವವನು:
ಇದು ದೊಡ್ಡ ವಿಷಯ. ಯಾವುದಕ್ಕೆ ಹೆದರುತ್ತಿದ್ದೀರಿ ಅಂತ ಗೊತ್ತಾಗದೆ ಕೆಲಸ ಶುರುವಾಗುವುದಿಲ್ಲ. ಎಲ್ಲರದ್ದೂ ಬೇರೆ ಬೇರೆ ಇರುತ್ತದೆ.

ಫಿಸಿಯೊ_ಮೇಷ್ಟ್ರು:
ತೊಡೆ ಅಲುಗದಿದ್ದದ್ದು ನಿಮ್ಮ ಸೋಲಲ್ಲ. ಮೊಣಕಾಲು ಊದಿಕೊಂಡಾಗ ನರಮಂಡಲವೇ ಕ್ವಾಡ್ಸ್‌ಗೆ ಹೋಗುವ ಆದೇಶವನ್ನು ತಡೆಯುತ್ತದೆ. ತುಂಬಾ ಜನರಿಗೆ ಆಗುತ್ತದೆ.

ಈಗ ಕೆಲಸದ ಮಾತು. ಆದರೆ ಮೊದಲು ಒಂದು: ಕಾಲು ನಿಜವಾಗಿ ಜಾರಿದ ಅನುಭವ ಆಗಿದೆಯಾ? ಒಂದು ಸಲವಾದರೂ ಹಾಗಾಗಿದ್ದರೆ ಭಯವನ್ನು ಬದಿಗಿಟ್ಟು ಗ್ರಾಫ್ಟ್ ಮತ್ತು ಮೆನಿಸ್ಕಸ್ ಪರೀಕ್ಷೆ ಮಾಡಿಸಿ. ಕೆಲವು ಸಲ ಭಯ ಸರಿಯಾಗಿಯೇ ಹೇಳುತ್ತಿರುತ್ತದೆ.

ಆಗಿಲ್ಲ ಅಂದರೆ, ನಿಮ್ಮ ಒಳಗೆ ಕಟ್ ಮಾಡುವ ಆಟವನ್ನು ತುಂಡು ಮಾಡಿ. ಗೊತ್ತಿರುವ ಕಟ್, ಡಿಫೆಂಡರ್ ಇಲ್ಲದೆ, ಅರ್ಧ ವೇಗ. ಆಮೇಲೆ ಪೂರ್ತಿ ವೇಗ. ಆಮೇಲೆ ಯಾವ ಕಡೆ ತಿರುಗಬೇಕು ಅಂತ ಕೊನೇ ಕ್ಷಣದಲ್ಲಿ ಯಾರಾದರೂ ಕೈ ತೋರಿಸಬೇಕು. ಇದು ಮುಖ್ಯ. ಕಣ್ಣು ಮೇಲಿರಲೇಬೇಕಾಗುತ್ತದೆ, ಕಾಲು ತಾನೇ ನೋಡಿಕೊಳ್ಳುವುದನ್ನು ಕಲಿಯುತ್ತದೆ. ಆಮೇಲೆ ಸುಮ್ನೆ ನಿಂತ ಡಿಫೆಂಡರ್. ಆಮೇಲೆ ನಡೆದು ಬರುವ ಡಿಫೆಂಡರ್. ಆಮೇಲೆ ಓಡಿ ಬರುವವನು, ಮುಟ್ಟುವ ಹಾಗಿಲ್ಲ. ಕೊನೆಗೆ ಭುಜ ತಾಗಿಸುವವನು. ಪ್ರತಿ ಹಂತದಲ್ಲೂ ಭಯಕ್ಕೆ ಹತ್ತರಲ್ಲಿ ಎಷ್ಟು ಅಂತ ಬರೆಯಿರಿ. ಎರಡೋ ಮೂರಕ್ಕೋ ಇಳಿಯುವವರೆಗೆ ಮುಂದಕ್ಕೆ ಹೋಗಬೇಡಿ. ಸೊನ್ನೆ ಆಗಲಿ ಅಂತ ಕಾಯಬೇಡಿ, ಆಗುವುದಿಲ್ಲ.

ಮಲಗುವ ಮುಂಚೆ ಕಣ್ಣು ಮುಚ್ಚಿ ಅದೇ ಕಟ್ ಅನ್ನು ಮನಸ್ಸಿನಲ್ಲಿ ಮಾಡಿ. ಪಾದ ನೆಲಕ್ಕೆ ತಾಗುವುದು, ಮೊಣಕಾಲು ಬಗ್ಗುವುದು, ಎದುರಿನವನು ಹಿಂದೆ ಬೀಳುವುದು, ಎಲ್ಲ. ಇದು ಹಾರಿಕೆಯ ಮಾತಲ್ಲ. ಕ್ಯೂಪಲ್ ಮತ್ತು ಬ್ರೂವರ್ 2001ರಲ್ಲಿ ಎಸಿಎಲ್ ಸರ್ಜರಿ ಆದವರಿಗೆ ವಿಶ್ರಾಂತಿ ಮತ್ತು ಕಲ್ಪನೆಯ ಅಭ್ಯಾಸ ಕೊಟ್ಟು ನೋಡಿದರು. 24 ವಾರದ ಹೊತ್ತಿಗೆ ಆ ಗುಂಪಿನವರ ಮೊಣಕಾಲಿಗೆ ಶಕ್ತಿ ಜಾಸ್ತಿ ಇತ್ತು, ಮತ್ತೆ ಗಾಯ ಆಗುವ ಆತಂಕ ಮತ್ತು ನೋವು ಕಮ್ಮಿ ಇತ್ತು.

ರೈಡರ್_ಬಲಗಡೆ:
ನಾನೂ ಹೀಗೇ ದಾಟಿದ್ದು, ಹೆಸರು ಗೊತ್ತಿರಲಿಲ್ಲ ಅಷ್ಟೇ. ನಮ್ಮ ತಂಡದ ಒಬ್ಬ ಡಿಫೆಂಡರ್‌ನ ಮ್ಯಾಟ್ ಮೇಲೆ ಕೂರಿಸಿ 'ಆಂಕಲ್ ಹಿಡಿ, ಎಳೀಬೇಡ' ಅಂದೆ. ಅವನು ಬರೀ ಕೈ ಇಡುತ್ತಿದ್ದ. ಮೊದಲ ದಿನ ಅವನ ಕೈ ತಾಗಿದರೇ ಬೆನ್ನಲ್ಲಿ ಬೆವರು. ಆಮೇಲೆ ಸ್ವಲ್ಪ ಹಿಡಿದ, ಆಮೇಲೆ ಎಳೆದ. ಹಿಡಿತ ಬಿದ್ದಾಗ ಮೈಯನ್ನೂ ಅದೇ ಕಡೆ ತಿರುಗಿಸಿ ಬೀಳುವುದನ್ನು ಕಲಿತೆ. ಒಬ್ಬನ ಮೇಲೆ ಪೂರ್ತಿ ನಂಬಿಕೆ ಇರಬೇಕು. ನಗುವವರ ಹತ್ತಿರ ಇದನ್ನು ಮಾಡಲು ಆಗುವುದಿಲ್ಲ.

ನೇರಮಾತು:
ಇದಕ್ಕೆ ನನ್ನ ಒಪ್ಪಿಗೆ ಇದೆ. ಕೊನೆಗೆ ಟ್ಯಾಕಲ್ ಮಾಡಿಸಿಕೊಳ್ಳಲೇಬೇಕು ಅಂತ ನಾನು ಹೇಳಿದ್ದು. ನೀವು ಮೆಟ್ಟಿಲು ಹಾಕಿದ್ದೀರಿ. ಒಳ್ಳೆಯದೇ.

ಶಟಲ್_ಸುಮ:
ಮೆಟ್ಟಿಲೇ ಮುಖ್ಯ ಸ್ವಾಮಿ! ನಾನೂ ನಾಳೆಯಿಂದ ಬ್ಯಾಕ್‌ಹ್ಯಾಂಡ್ ಮೂಲೆಗೆ ಹೀಗೇ ಮಾಡುತ್ತೇನೆ. ಮೊದಲು ಶಟಲ್ ಇಲ್ಲದೆ ಬರೀ ಜಿಗಿದು ಇಳಿಯುವುದು.

ಗೋಲಿಯ_ಅಮ್ಮ:
ಅಪ್‌ಡೇಟ್. ಮಗಳ ಕ್ವಾಡ್ಸ್ ಅಳೆಸಿದೆವು. ಆಪರೇಷನ್ ಆದ ಕಾಲು ಬಹಳ ಹಿಂದಿದೆ. ಅವಳು ಕಾಗದ ನೋಡಿ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ 'ಈ ಟೂರ್ನಮೆಂಟ್ ಬೇಡ' ಅಂತ ಅವಳೇ ಹೇಳಿದಳು. ಅತ್ತಳು ಕೂಡ. ಕೋಚ್ ಸರ್, ನಿಮ್ಮ ಹಾಗೆ ಅವಳಿಗೂ ಒಂದು ಕೆಲಸ ಕೊಡಿ ಅಂತ ಅವರ ಕೋಚ್‌ಗೆ ಕೇಳಿದ್ದೇನೆ. ಹೊಸ ಗೋಲ್‌ಕೀಪರ್‌ಗೆ ಹೇಳಿಕೊಡಲು ಒಪ್ಪಿದ್ದಾಳೆ.

ಕೋಚ್_ಹಳಬ:
ತುಂಬಾ ಒಳ್ಳೆಯದಾಯಿತು ಅಮ್ಮ. ಅವಳು ಅತ್ತರೆ ಅಳಲಿ.

ಎಡ_ವಿಂಗರ್:
ನಮ್ಮ ಲೆಫ್ಟ್ ಬ್ಯಾಕ್ ಒಪ್ಪಿದ್ದಾನೆ. ಪ್ರಾಕ್ಟೀಸ್ ಮುಗಿದ ಮೇಲೆ ಇಬ್ಬರೇ ಉಳಿದು ಮಾಡುತ್ತೇವೆ. ಹಂತಗಳನ್ನು ಬರೆದುಕೊಂಡಿದ್ದೇನೆ. ಈಗ 'ನಡೆದು ಬರುವ ಡಿಫೆಂಡರ್' ವರೆಗೆ ಬಂದಿದ್ದೇನೆ. ಅವನು ನಡೆದು ಬಂದರೂ ಭಯ ಐದಕ್ಕೆ ಏರುತ್ತದೆ. ಮೇಷ್ಟ್ರೇ, ಮ್ಯಾಚ್ ಯಾವಾಗ ಶುರು ಮಾಡಲಿ? ಬೆಂಚ್‌ನಿಂದ ಕೊನೆಯ ಇಪ್ಪತ್ತು ನಿಮಿಷ ಇಳಿಸುತ್ತೇನೆ ಅಂತ ಕೋಚ್ ಹೇಳುತ್ತಿದ್ದಾರೆ.

ಫಿಸಿಯೊ_ಮೇಷ್ಟ್ರು:
ಐದು ಇದ್ದರೆ ಅಲ್ಲೇ ಇರಿ, ಅವಸರ ಇಲ್ಲ. ಮ್ಯಾಚ್‌ಗೆ ಬಂದಾಗ ಕೊನೆಯ ಇಪ್ಪತ್ತು ನಿಮಿಷ ಬೇಡ, ಮೊದಲ ಇಪ್ಪತ್ತು ಕೇಳಿ. ಕೊನೆಯಲ್ಲಿ ಎಲ್ಲರೂ ದಣಿದಿರುತ್ತಾರೆ, ಟ್ಯಾಕಲ್ ತಡವಾಗಿ ಬೀಳುತ್ತದೆ, ನೀವು ತಣ್ಣಗೆ ಕೂತು ಎದ್ದು ಹೋಗಿರುತ್ತೀರಿ. ಶುರುವಿನಲ್ಲಾದರೆ ವಾರ್ಮ್ ಅಪ್ ಆಗಿ ಇಳಿಯುತ್ತೀರಿ, ಯಾವಾಗ ಹೊರಗೆ ಬರುತ್ತೀರಿ ಅಂತ ಮೊದಲೇ ಗೊತ್ತಿರುತ್ತದೆ. 12 ಪ್ರಶ್ನೆಗಳನ್ನು ತಿಂಗಳಿಗೊಮ್ಮೆ ಮತ್ತೆ ತುಂಬಿ, ಆ ಸರ್ಜರಿ ಪ್ರಶ್ನೆಯ ಅಂಕ ಬದಲಾಗುತ್ತಿದೆಯಾ ನೋಡಿ. ಕೋಚ್ ಒಪ್ಪದಿದ್ದರೆ ನಿಮ್ಮ ಫಿಸಿಯೊ ಹತ್ತಿರ ಫೋನ್ ಮಾಡಿಸಿ.